ಹೆಗ್ಗೋಡಿನ ರಂಗಋತು

ರಂಗಮಂದಿರವೊಂದರ ಇತಿಹಾಸವನ್ನು ಬರೆಯಲು ಕುಳಿತವರು ಶಂಕುಸ್ಥಾಪನೆಯ ಶಿಲಾಫಲಕದಿಂದ ಮೊದಲುಮಾಡುವುದು ವಾಡಿಕೆ. ಅಡಿಗಲ್ಲನ್ನಿರಿಸಿದ ಮಹನೀಯರಾರು, ದಾನಿಗಳ ನಾಮಾವಳಿ ಎಷ್ಟು ಉದ್ದ, ಉದ್ಘಾಟನೆಯ ದಿನ ಆಡಿದ ನಾಟಕ ಯಾವುದು ಎಂಬಿವನ್ನು ಯಥಾಕ್ರಮವಾಗಿ ನಿರೂಪಿಸಿ, ತರುವಾಯ ಪ್ರೇಕ್ಷಕರನ್ನು ಒಳಕ್ಕೆ ಬಿಟ್ಟುಕೊಂಡರೆ ಲೇಖನಕ್ಕೆ ಒಂದು ಶಿಸ್ತು ತಾನಾಗಿ ಒದಗುತ್ತದೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿರುವ ಶಿವರಾಮ ಕಾರಂತ ರಂಗಮಂದಿರದ ವಿಷಯದಲ್ಲಿ ಮಾತ್ರ ಈ ಕ್ರಮವನ್ನು ಹಿಡಿದು ಹೊರಟರೆ ಕಥೆ ತಲೆಕೆಳಗಾಗುತ್ತದೆ. ಆ ಕಟ್ಟಡವು ಎದ್ದುನಿಂತದ್ದು 1972ರಲ್ಲಿ. ಅದನ್ನು ಕಟ್ಟಿಕೊಂಡ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಹುಟ್ಟಿದ್ದು 1949ರಲ್ಲಿ. ಆ ಸಂಘದ ನಾಟಕಗಳಿಗೆ ಬಂದು ಕುಳಿತ ಜನ ಆಟ ನೋಡುವುದನ್ನು ಕಲಿತದ್ದು ಅದಕ್ಕೂ ಎಷ್ಟೋ ತಲೆಮಾರುಗಳ ಹಿಂದೆ. ನೀನಾಸಮ್ ಎಂಬ ಹ್ರಸ್ವನಾಮದಿಂದ ಇಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿರುವ ಈ ಸಂಸ್ಥೆಯು ವರ್ಷವರ್ಷವೂ ಸಿದ್ಧಪಡಿಸಿ ಹೊರಡಿಸುವ ನಾಟಕಗಳ ಋತುವನ್ನು ಕುರಿತು ಬರೆಯುವಾಗ, ಮೊದಲು ಬಂದವನು ಪ್ರೇಕ್ಷಕ, ಅನಂತರ ಬಂದದ್ದು ವೇದಿಕೆ, ಎಲ್ಲಕ್ಕೂ ಕಡೆಯಲ್ಲಿ ಬಂದವನು ಶಿಕ್ಷಣ ಪಡೆದ ನಟ ಎಂಬ ಈ ಅನುಕ್ರಮವನ್ನು ನೆನಪಿನಲ್ಲಿಡುವುದು ಅವಶ್ಯ.

ಹೆಗ್ಗೋಡು ಸಾಗರ ಪಟ್ಟಣದಿಂದ ಏಳೆಂಟು ಕಿಲೋಮೀಟರು ದೂರದ ಹಳ್ಳಿ. ಹಳ್ಳಿಯೆಂದೊಡನೆ ಬಯಲುಸೀಮೆಯವರ ಕಣ್ಣಿಗೆ ಕಟ್ಟುವ ಒತ್ತೊತ್ತಾದ ಮನೆಗಳ ಸಾಲು, ನಡುವೆ ಅರಳಿಕಟ್ಟೆ, ಕಟ್ಟೆಯ ಮೇಲೆ ಹರಟೆಯ ಮಂದಿ ಎಂಬ ಚಿತ್ರವು ಇಲ್ಲಿಗೆ ಹೊಂದುವುದಿಲ್ಲ. ಮಲೆನಾಡಿನಲ್ಲಿ ಮನೆಗಳು ಅಡಿಕೆಯ ತೋಟಗಳನ್ನು ಅನುಸರಿಸಿ ಕಣಿವೆಗೊಂದು, ಓರೆಗೊಂದು ಎಂಬಂತೆ ಚದರಿಕೊಂಡಿರುತ್ತವೆ. ನೆರೆಮನೆಯವನನ್ನು ಕೂಗಿ ಕರೆದರೆ ಕೇಳುವುದೂ ಕೆಲವೆಡೆ ಅದೃಷ್ಟವೇ. ಇಂಥಲ್ಲಿ ಜನರು ಒಂದೆಡೆ ಕೂಡುವುದು ಆಕಸ್ಮಿಕವಾಗಿ ನಡೆಯುವ ಸಂಗತಿಯಲ್ಲ, ಸಂಕಲ್ಪಪೂರ್ವಕವಾದ ಕಾರ್ಯ. ಸಂಜೆಯ ಕೊಟ್ಟಿಗೆಯ ಕೆಲಸವನ್ನು ಮುಗಿಸಿ, ಉಂಡು, ಸೂಡಿಯನ್ನು ಹೊತ್ತಿಸಿಕೊಂಡು, ಗುಡ್ಡ ಹತ್ತಿ ಹಳ್ಳ ದಾಟಿ ನಡೆದುಬಂದವನು ಗಳಿಗೆಯ ವಿನೋದಕ್ಕೆ ತೃಪ್ತನಾಗುವವನಲ್ಲ. ಅವನಿಗೆ ಇಡೀ ರಾತ್ರಿ ಬೇಕು. ಆ ರಾತ್ರಿಯನ್ನು ಅವನಿಗೆ ಬಹುಕಾಲದಿಂದ ಕೊಡುತ್ತ ಬಂದದ್ದು ಯಕ್ಷಗಾನ ಬಯಲಾಟ.

ಈ ಬಯಲಾಟದ ವಿಚಾರವನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ನೀನಾಸಮ್ ಸಂಸ್ಥೆಯ ಸಾಧನೆಯನ್ನು ಹೊರಗಿನವರು ವರ್ಣಿಸುವಾಗ, ಗೊಂಡಾರಣ್ಯದ ಮಧ್ಯದಲ್ಲಿ, ನಾಗರಿಕ ಕಲೆಯ ಗಂಧವಿಲ್ಲದ ಮುಗ್ಧ ಕೃಷಿಕರಿಗೆ ಶೇಕ್ಸ್‌ಪಿಯರನನ್ನು ತೋರಿಸಿದ ಪವಾಡವೆಂಬಂತೆ ಹೇಳುವುದುಂಟು. ಹೊಗಳಿಕೆಯಾದರೂ ಇದು ತಪ್ಪು ತಿಳಿವಳಿಕೆ. ಮಳೆ ಹಿಂತೆಗೆದ ಮೇಲೆ ಗೆಜ್ಜೆ ಕಟ್ಟಿ, ಮರುಮಳೆಗೆ ಮೊದಲು ಗೆಜ್ಜೆ ಬಿಚ್ಚುವ ಮೇಳಗಳು ಊರಿಂದೂರಿಗೆ ತಿರುಗುತ್ತಿದ್ದಾಗ, ಅವುಗಳ ಮುಂದೆ ಚಾಪೆ ಹಾಸಿ ಕುಳಿತವನಿಗೆ ರಂಗಭೂಮಿಯ ಸಂಕೇತಗಳೊಂದೂ ಅಪರಿಚಿತವಾಗಿರಲಿಲ್ಲ. ಒಂದು ಸುತ್ತು ತಿರುಗಿದರೆ ಅಯೋಧ್ಯೆಯಿಂದ ದಂಡಕಾರಣ್ಯಕ್ಕೆ ಹೋದಂತಾಯಿತೆಂಬುದನ್ನೂ, ಪೀಠವೊಂದೇ ಸಿಂಹಾಸನವೂ ರಥವೂ ಆಗಬಲ್ಲದೆಂಬುದನ್ನೂ ಅವನು ತಕರಾರಿಲ್ಲದೆ ಒಪ್ಪಿಕೊಂಡಿದ್ದನು. ಇನ್ನು ಮಳೆಗಾಲದಲ್ಲಿ ಬಯಲು ಕೆಸರಾಗಿ ಆಟಕ್ಕೆ ಎಡೆಯಿಲ್ಲವಾದಾಗ ಮನೆಯ ಜಗಲಿಯ ಮೇಲೆ ತಾಳಮದ್ದಳೆಯ ಕೂಟ ಸೇರುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ, ಅದರ ಬೆನ್ನಿಗೆ ಅರ್ಥಧಾರಿಗಳ ವಾದ, ಪ್ರತಿವಾದ. ಕರ್ಣನು ಮಾಡಿದ್ದು ಸರಿಯೋ ಕೃಷ್ಣನು ಮಾಡಿದ್ದು ಸರಿಯೋ ಎಂದು ನಡುರಾತ್ರಿಯ ಮೇಲೂ ಪಟ್ಟು ಬಿಡದೆ ಚರ್ಚಿಸುವ, ಒಂದು ಮಾತಿನ ವರಸೆ ಜಾರಿದರೆ ಮರುದಿನ ತೋಟದಲ್ಲಿ ಅದನ್ನೆತ್ತಿ ಆಡುವ ಆ ಶ್ರೋತೃವರ್ಗವು, ಮುಂದೆ ಹೊಸ ನಾಟಕಗಳಿಗೆ ದೊರೆತ ಬಹುದೊಡ್ಡ ಮೂಲಧನವಾಯಿತು. ಇದನ್ನು ಅರಿತು ಬಳಸಿಕೊಂಡುದರಲ್ಲಿ ಸಂಸ್ಥೆಯ ಜಾಣ್ಮೆಯಿದೆ. ಅದನ್ನು ಸಂಸ್ಥೆಯೇ ಸೃಷ್ಟಿಸಿತೆನ್ನುವುದು ಸರಿಯಲ್ಲ.

1949ರಲ್ಲಿ ಊರಿನ ಕೆಲವು ತರುಣರು ಕೂಡಿ ಒಂದು ಹವ್ಯಾಸಿ ನಾಟಕ ಸಂಘವನ್ನು ಕಟ್ಟಿ, ಅದಕ್ಕೆ ಗ್ರಾಮದೇವರಾದ ನೀಲಕಂಠೇಶ್ವರನ ಹೆಸರನ್ನಿಟ್ಟರು. ಸ್ವಾತಂತ್ರ್ಯ ಬಂದು ಎರಡು ವರ್ಷ. ನಾಡಿನ ಊರೂರಿನಲ್ಲೂ ವಾಚನಾಲಯ, ಯುವಕ ಸಂಘ, ನಾಟಕ ಮಂಡಳಿಗಳು ಹುಟ್ಟುತ್ತಿದ್ದ ಕಾಲ. ಹುಟ್ಟಿದವುಗಳಲ್ಲಿ ಬಹುಪಾಲು ಎರಡು ಮೂರು ವರ್ಷಗಳಲ್ಲಿ, ಪೇಟೆಗೆ ನೌಕರಿಗೆಂದು ಹೋದ ಕಾರ್ಯದರ್ಶಿಯೊಡನೆ ಅಸ್ತಂಗತವಾದವು. ಹೆಗ್ಗೋಡಿನ ಸಂಘಕ್ಕೆ ಆ ಗತಿ ಒದಗದಿದ್ದುದಕ್ಕೆ, ಅದರ ಸ್ಥಾಪಕರಲ್ಲೊಬ್ಬನಾದ ಹದಿನೇಳು ವರ್ಷದ ಹುಡುಗನು ಮೈಸೂರಿನ ಮಹಾರಾಜಾ ಕಾಲೇಜಿಗೆ ಓದಲು ಹೋದವನು ಓದು ಮುಗಿದೊಡನೆ ಊರಿಗೇ ಹಿಂತಿರುಗಿದ್ದು ಮುಖ್ಯ ಕಾರಣ. ಅವರೇ ಕುಂಟಗೋಡು ವಿಭೂತಿ ಸುಬ್ಬಣ್ಣನವರು. ಹುಟ್ಟಿದ್ದು 1932ರಲ್ಲಿ, ಹೆಗ್ಗೋಡಿಗೆ ಹತ್ತಿರದ ಮುಂಡಿಗೇಸರದಲ್ಲಿ. ಕಾಲೇಜಿನಲ್ಲಿ ಕುವೆಂಪು ಅವರ ಶಿಷ್ಯತ್ವ, ಮನೆಯಲ್ಲಿ ಅಡಿಕೆಯ ತೋಟ, ಮನಸ್ಸಿನಲ್ಲಿ ಲೋಹಿಯಾ ಅವರ ಸಮಾಜವಾದ ಎಂಬೀ ಮೂರು ಧಾರೆಗಳು ಅವರಲ್ಲಿ ಕೂಡಿದುವು. ಸಮಾಜವಾದವೆಂಬುದು ಸಾಗರದ ಸೀಮೆಗೆ ಆಗ ಪುಸ್ತಕದ ಮಾತಾಗಿರಲಿಲ್ಲ. ಅದೇ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರ ರೈತರು ಸತ್ಯಾಗ್ರಹ ಹೂಡಿದ್ದರು. ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಲ್ಲೊಬ್ಬರಾಗಿದ್ದರು. ಲೋಹಿಯಾ ಅವರು ತಾವೇ ಬಂದು ಬಂಧನಕ್ಕೊಳಗಾಗಿದ್ದರು. ನೆಲದ ಒಡೆತನದ ಪ್ರಶ್ನೆಯು ಒಂದು ಕಣಿವೆಯಲ್ಲಿ ಎದ್ದ ಹೊತ್ತಿನಲ್ಲಿಯೇ, ಕಲೆಯ ಒಡೆತನ ಯಾರದೆಂಬ ಪ್ರಶ್ನೆಯು ನೆರೆಯ ಕಣಿವೆಯಲ್ಲಿ ಮೆಲ್ಲನೆ ಮೊಳೆಯುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಸುಬ್ಬಣ್ಣನವರು ಮುಂದೆ ಮಾಡಿದ ಕೆಲಸಕ್ಕೆಲ್ಲ ಹಿನ್ನೆಲೆಯಾಗಿದ್ದದ್ದು, ಉತ್ತಮವಾದುದೆಲ್ಲ ರಾಜಧಾನಿಯಲ್ಲಿ ಹುಟ್ಟಿ, ಜಿಲ್ಲಾಕೇಂದ್ರದಲ್ಲಿ ಸವೆದು, ಹಳ್ಳಿಗೆ ಎಂಜಲಾಗಿ ತಲುಪಬೇಕೆಂಬ ವ್ಯವಸ್ಥೆಯನ್ನು ಒಪ್ಪದ ಹಟ.

ಮೊದಲ ಇಪ್ಪತ್ತು ವರ್ಷಗಳ ನಾಟಕಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ತೋಟದವರು, ಅಂಗಡಿಯವರು, ಶಾಲೆಯ ಮೇಷ್ಟರು ಪಾತ್ರ ಹಂಚಿಕೊಂಡು, ವಿರಾಮ ದೊರೆತಾಗ ಅಭ್ಯಾಸ ಮಾಡಿ, ಚಪ್ಪರದಡಿ ಆಡುತ್ತಿದ್ದ ನಾಟಕಗಳವು. ಕರ್ಣಾಟಕದ ಇತರ ಹವ್ಯಾಸಿ ತಂಡಗಳಿಗಿಂತ ಅವು ಮೇಲಾಗಿದ್ದವೆಂದು ಸಾಧಿಸುವ ಅಗತ್ಯವೂ ಇಲ್ಲ. ಗಮನಿಸತಕ್ಕ ಅಂಶವೆಂದರೆ ನೈರಂತರ್ಯ. 1884ರಲ್ಲಿ ಹುಟ್ಟಿ, ಕುರುಕ್ಷೇತ್ರದ ರಂಗಕ್ಕೆ ನಿಜವಾದ ಆನೆ ಕುದುರೆಗಳನ್ನು ತಂದು ನಿಲ್ಲಿಸಿದ ಗುಬ್ಬಿಯ ಕಂಪನಿಯಂಥ ಮಹಾಸಂಸ್ಥೆಗಳೂ ಚಲಚ್ಚಿತ್ರದ ಪ್ರವಾಹದೆದುರು ತತ್ತರಿಸುತ್ತಿದ್ದ ದಶಕಗಳವು. ಲಾಭವನ್ನೇ ನೆಚ್ಚದಿದ್ದ ಚಿಕ್ಕ ಸಂಘವು ಮಾತ್ರ, ಕಳೆದುಕೊಳ್ಳಲು ಡೇರೆಯೂ ಇಲ್ಲದೆ ಪರದೆಗಳ ಪೆಟ್ಟಿಗೆಯೂ ಇಲ್ಲದೆ, ಉಳಿದುಕೊಂಡಿತು.

ರಂಗಮಂದಿರಕ್ಕೆ ಶಿವರಾಮ ಕಾರಂತರ ಹೆಸರನ್ನಿಟ್ಟುದು ವಿಚಾರಾರ್ಹವಾದ ಸಂಗತಿ. ಸಾರ್ವಜನಿಕ ಕಟ್ಟಡಗಳಿಗೆ ದಿವಂಗತರ, ದಾನಿಗಳ, ತಪ್ಪಿದರೆ ಮಂತ್ರಿಗಳ ಹೆಸರಿಡುವುದು ಲೋಕರೂಢಿಯಷ್ಟೆ. 1972ರಲ್ಲಿ ಕಾರಂತರು ಎಪ್ಪತ್ತರ ಹೊಸ್ತಿಲಲ್ಲಿದ್ದ, ಇನ್ನೂ ಕಾಲು ಶತಮಾನ ಬದುಕಿ ಬರೆಯಲಿದ್ದ ಲೇಖಕರು. ಜ್ಞಾನಪೀಠ ಪ್ರಶಸ್ತಿ ಅವರನ್ನರಸಿ ಬಂದದ್ದು ಅದಾಗಿ ಐದು ವರ್ಷಗಳ ಮೇಲೆ. ಯಕ್ಷಗಾನವನ್ನು ಶೋಧಿಸಿ ಪ್ರಯೋಗಕ್ಕೊಡ್ಡಿದ, ಮೂಕಚಿತ್ರವನ್ನೂ ತಾವೇ ತೆಗೆದು ನೋಡಿದ, ಪುತ್ತೂರಿನಂಥ ಸಣ್ಣ ಊರಿನಲ್ಲಿ ಕುಳಿತು ನಾಡಿನ ವಿದ್ಯಾವಂತರನ್ನೆಲ್ಲ ಎದುರು ಹಾಕಿಕೊಂಡ ಆ ಪುರುಷನ ಹೆಸರು ಹಳ್ಳಿಯ ನಾಟಕಶಾಲೆಗೆ ಒಪ್ಪುವಂತೆ ಇನ್ನಾವುದೂ ಒಪ್ಪುತ್ತಿರಲಿಲ್ಲ. ಊರಿನ ಗಾತ್ರಕ್ಕೆ ಕಟ್ಟಡ ದೊಡ್ಡದು. ಮಳೆ ಗಾಳಿಗೆ ಅಂಜದೆ ವರ್ಷವಿಡೀ ಬಳಸಬಹುದಾದ ರಂಗವೊಂದು ಸಿದ್ಧವಾದ ಮೇಲೆ, ಅದನ್ನು ವರ್ಷಕ್ಕೆರಡು ನಾಟಕಗಳಿಗೆ ತೆರೆದು ಉಳಿದ ದಿನ ಬೀಗ ಹಾಕಿಡುವುದು ಅಡಿಕೆ ಬೆಳೆಗಾರನ ಲೆಕ್ಕಾಚಾರಕ್ಕೂ ಒಗ್ಗುವ ಮಾತಾಗಿರಲಿಲ್ಲ.

ಬಾಗಿಲು ತೆರೆದಿಡುವುದಕ್ಕೆ ದೊರೆತ ಮೊದಲ ಉಪಾಯ ನಾಟಕವಲ್ಲ, ಸಿನಿಮಾ. 1973ರಲ್ಲಿ ಸಂಘದ ಅಂಗವಾಗಿ ಚಿತ್ರಸಮಾಜವೊಂದು ಸ್ಥಾಪನೆಯಾಯಿತು. ಸತ್ಯಜಿತ್ ರಾಯ್ ಅವರ ಪಥೇರ್ ಪಾಂಚಾಲಿ, ಕುರೊಸಾವಾನ ರಶೋಮನ್, ಡಿ ಸೀಕಾನ ಬೈಸಿಕಲ್ ಥೀವ್ಸ್ ಮೊದಲಾದ ಚಿತ್ರಗಳು ಹೆಗ್ಗೋಡಿನ ಪರದೆಯ ಮೇಲೆ ಬಂದುವು. ಎಪ್ಪತ್ತರ ದಶಕದ ಕೊನೆಗೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅವರಂಥ ಅಧ್ಯಾಪಕರು ಬಂದು ಚಿತ್ರರಸಗ್ರಹಣದ ಶಿಬಿರಗಳನ್ನು ನಡೆಸಿದರು. ಜಪಾನೀ ಭಾಷೆಯ ಒಂದು ಶಬ್ದವೂ ತಿಳಿಯದವರು ಕುರೊಸಾವಾನನ್ನು ಹೇಗೆ ನೋಡಿಯಾರೆಂದು ಪೇಟೆಯವರು ಹುಬ್ಬೇರಿಸಿದ್ದುಂಟು. ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಆ ಕಥೆಯು, ಒಂದೇ ಪ್ರಸಂಗಕ್ಕೆ ಬೇರೆ ಬೇರೆ ಅರ್ಥಧಾರಿಗಳು ಬೇರೆ ಬೇರೆ ಅರ್ಥ ಹೇಳುವುದನ್ನು ಬಾಲ್ಯದಿಂದ ಕೇಳಿದವರಿಗೆ ಕಠಿನವಾಗಬೇಕಾದ ಕಾರಣವೇನಿರಲಿಲ್ಲವೆಂದು ನನ್ನ ಎಣಿಕೆ. ಈ ಚಿತ್ರಗಳಿಂದ ನಾಟಕಕ್ಕೆ ಆದ ಉಪಕಾರವನ್ನು ಸಂಸ್ಥೆಯ ಕಥೆ ಹೇಳುವವರು ಸಾಕಷ್ಟು ಎತ್ತಿ ಹೇಳುವುದಿಲ್ಲ. ನೋಡಿದ್ದನ್ನು ನೋಡಿದ ಮರುಕ್ಷಣವೇ ಹೊಗಳಿ ಅಥವಾ ತೆಗಳಿ ಎದ್ದುಹೋಗದೆ, ಕುಳಿತು ವಿವೇಚಿಸುವ ಪದ್ಧತಿ ಆ ಕೂಟಗಳಲ್ಲಿಯೇ ಬಲಿಯಿತು.

1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾದುದು ಎರಡನೆಯ ಹೆಜ್ಜೆ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಚಿದಂಬರರಾವ್ ಜಂಬೆ, ಕೆ.ವಿ. ಅಕ್ಷರ ಇವರು ಕೇಂದ್ರದ ಬೆಳವಣಿಗೆಗೆ ಹೆಗಲುಕೊಟ್ಟರು. ಆ ಶಾಲೆಯ ನಿರ್ದೇಶಕರೇ ಆಗಿದ್ದ ಬಿ.ವಿ. ಕಾರಂತರು ಹೆಗ್ಗೋಡಿಗೆ ಮತ್ತೆ ಮತ್ತೆ ಬಂದು, ಪು.ತಿ.ನ. ಅವರ ಗೋಕುಲ ನಿರ್ಗಮನದಂಥ ಕೃತಿಯನ್ನು ಇಲ್ಲಿನ ನಟರಿಂದ ಆಡಿಸಿದರು. ಕೇಂದ್ರದ ವಿಶೇಷವೆಂದರೆ ಬೋಧನೆಯೆಲ್ಲ ಕನ್ನಡದಲ್ಲಿ. ಭರತನಾಗಲಿ ಸ್ಟಾನಿಸ್ಲಾವ್‌ಸ್ಕಿಯಾಗಲಿ ಕನ್ನಡದಲ್ಲಿಯೇ ಬರಬೇಕು, ಬರಬೇಕಾದರೆ ಅನುವಾದವಾಗಬೇಕು, ಅನುವಾದವಾದದ್ದು ಅಚ್ಚಾಗಬೇಕು. ಸುಬ್ಬಣ್ಣನವರೇ ನಡೆಸುತ್ತಿದ್ದ ಅಕ್ಷರ ಪ್ರಕಾಶನವು ಈ ಸರಪಣಿಯ ಕಡೆಯ ಕೊಂಡಿಯಾಗಿ ಒದಗಿಬಂದುದರಿಂದ, ನಾಟಕಶಾಲೆಯೊಂದರ ಪಠ್ಯದ ಅಗತ್ಯವು ಕನ್ನಡದ ಓದುಗರಿಗೆಲ್ಲ ಲಾಭವಾಗಿ ಪರಿಣಮಿಸಿತು.

ಕೇಂದ್ರದಿಂದ ವರ್ಷವರ್ಷವೂ ಹೊರಬೀಳುವ ತರುಣರ ಮುಂದಿನ ದಾರಿಯೇನು ಎಂಬ ಪ್ರಶ್ನೆ ಬಹುಬೇಗ ಎದ್ದಿತು. ಕಲಿಸಿದ ವಿದ್ಯೆಗೆ ಊರಿನಲ್ಲಿ ಕೂಲಿಯಿಲ್ಲದಿದ್ದರೆ ವಿದ್ಯೆ ಊರು ಬಿಟ್ಟು ಹೋಗುತ್ತದೆ. 1983ರಲ್ಲಿ ಕೈಗೊಂಡ ಜನಸ್ಪಂದನವೆಂಬ ಯೋಜನೆಯಲ್ಲಿ ಸಂಸ್ಥೆಯು ಹಳ್ಳಿ ಪಟ್ಟಣಗಳಿಗೆ ಹೋಗಿ ನಾಟಕ ಮತ್ತು ಚಲಚ್ಚಿತ್ರ ಶಿಬಿರಗಳನ್ನು ನಡೆಸಿತು. ಆ ಕಾಲದ ಪ್ರಯೋಗಗಳಲ್ಲಿ ಎಲ್ಲರೂ ನೆನೆಯುವುದು, ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಸುತ್ತಿನ ಸಿದ್ದಿ ಜನರು ಜಂಬೆಯವರ ನಿರ್ದೇಶನದಲ್ಲಿ ಆಡಿದ, ಚಿನುವ ಅಚಿಬೆಯ ಕಾದಂಬರಿಯನ್ನಾಧರಿಸಿದ ನಾಟಕವನ್ನು. ಶತಮಾನಗಳ ಹಿಂದೆ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯು, ಉತ್ತರ ಕನ್ನಡದ ಕಾಡಿನಲ್ಲಿ, ಆಫ್ರಿಕದ ಕಥೆಯನ್ನು ಕನ್ನಡದಲ್ಲಿ ಆಡಿ ತೋರಿಸಿತು. ಶಿಬಿರಗಳ ಈ ಸಂಚಾರದಿಂದ ಸಂಸ್ಥೆಗೆ ಸ್ಪಷ್ಟವಾದ ಸಂಗತಿಯೊಂದಿತ್ತು: ನಾಟಕ ನೋಡಬೇಕೆಂಬ ಹಸಿವು ತಾಲೂಕು ತಾಲೂಕಿನಲ್ಲೂ ಇದೆ, ತಕ್ಕ ನಾಟಕ ಮಾತ್ರ ಅಲ್ಲಿಗೆ ಬರುತ್ತಿಲ್ಲ. 1985ರಲ್ಲಿ, ನಾಟಕಗಳನ್ನು ಊರೂರಿಗೆ ಒಯ್ಯುವ ತಿರುಗಾಟವೆಂಬ ಸಂಚಾರಿ ತಂಡ ಹೊರಟದ್ದು ಈ ಅರಿವಿನ ಬೆನ್ನಿಗೆ. ಹೆಸರು ಯಕ್ಷಗಾನ ಮೇಳಗಳದೇ. ಕ್ರಮವೂ ಬಹುಮಟ್ಟಿಗೆ ಅವುಗಳದೇ.

ಈ ಋತುವಿನ ಪಂಚಾಂಗವನ್ನು ಬಿಡಿಸಿ ನೋಡತಕ್ಕದ್ದು. ಜುಲೈ ಆಗಸ್ಟುಗಳಲ್ಲಿ ಸಾಗರದ ಸೀಮೆಯ ಮಳೆಯನ್ನು ಕಂಡವರಿಗೆ ಗೊತ್ತು, ಆಗ ಹೊರಗಿನ ಕೆಲಸವೆಂಬುದು ಮಳೆ ಕೊಟ್ಟ ಬಿಡುವಿನ ಮೇಲೆ ನಿಂತಿರುತ್ತದೆ. ಕೊಳೆರೋಗದ ಭಯದಿಂದ ತೋಟದವರು ಆಕಾಶವನ್ನೇ ನೋಡುತ್ತ, ಎರಡು ಮಳೆಗಳ ನಡುವೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುವ ತರಾತುರಿಯಲ್ಲಿರುವಾಗ, ರಂಗಮಂದಿರದ ಆವರಣದಲ್ಲಿ ಹೊಸ ತಂಡ ಕೂಡುತ್ತದೆ. ಹದಿನೈದು ಇಪ್ಪತ್ತು ಮಂದಿ. ಬಹುಮಟ್ಟಿಗೆ ಶಿಕ್ಷಣ ಕೇಂದ್ರದಲ್ಲಿ ಕಲಿತವರು. ನಟರೂ ತಂತ್ರಜ್ಞರೂ ಅವರೇ. ಮೊದಮೊದಲು ಋತುವೊಂದಕ್ಕೆ ಹೆಚ್ಚು ನಾಟಕಗಳನ್ನು ಸಿದ್ಧಪಡಿಸುತ್ತಿದ್ದರು, ಮಕ್ಕಳ ನಾಟಕವೂ ಅದರಲ್ಲಿ ಸೇರುತ್ತಿತ್ತು. ಈಚಿನ ವರ್ಷಗಳಲ್ಲಿ ಎರಡು. ಒಂದು ಸಂಸ್ಕೃತದಿಂದಲೋ ಯೂರೋಪಿನಿಂದಲೋ ಬಂದದ್ದಾದರೆ ಇನ್ನೊಂದು ಕನ್ನಡದ್ದು ಎಂಬ ತೂಕವನ್ನು ಹಲವು ಸಲ ಕಾಯ್ದುಕೊಂಡಿದ್ದಾರೆ. ಕಾಳಿದಾಸ, ಶೇಕ್ಸ್‌ಪಿಯರ್, ಮೋಲಿಯೇರ್, ಬ್ರೆಖ್ಟ್ ಇವರೆಲ್ಲ ಹೀಗೆ ಹೆಗ್ಗೋಡಿನ ಲಾರಿಯನ್ನೇರಿ ಕರ್ಣಾಟಕ ಪ್ರವಾಸ ಮಾಡಿದವರೇ. ಸುಬ್ಬಣ್ಣನವರ ಲೋಕಶಾಕುಂತಲವು ಕಾಳಿದಾಸನನ್ನು ಆಸ್ಥಾನದಿಂದ ಊರಿನ ಅಂಗಳಕ್ಕೆ ಕರೆತಂದ ರೂಪಾಂತರ. ಮಾಡಿನ ಮೇಲೆ ಎಡೆಬಿಡದೆ ಸುರಿಯುವ ಮಳೆಯನ್ನು ಮೀರಿ ಕಡೆಯ ಸಾಲಿಗೆ ಮಾತು ಮುಟ್ಟಿಸಲು ಕಲಿತ ನಟನಿಗೆ, ಮುಂದೆ ಯಾವ ಊರಿನ ಯಾವ ಶಾಲೆಯ ಬಯಲೂ ದೊಡ್ಡದೆನಿಸದು. ತಾಲೀಮಿಗೆ ಮಳೆಗಾಲವನ್ನು ಆರಿಸಿದವರು ಇದನ್ನು ಯೋಚಿಸಿದ್ದರೋ ಇಲ್ಲವೋ, ಫಲ ಮಾತ್ರ ಒಳ್ಳೆಯದಾಯಿತು.

ಮಳೆ ಹಿಂತೆಗೆದು ಭೂಮಿಹುಣ್ಣಿಮೆ, ದೀಪಾವಳಿಗಳ ದಿನಗಳು ಹತ್ತಿರವಾಗುವ ಹೊತ್ತಿಗೆ ನಾಟಕಗಳು ಸಿದ್ಧವಾಗಿರುತ್ತವೆ. ಅಕ್ಟೋಬರಿನಲ್ಲಿ ಸಂಸ್ಕೃತಿ ಶಿಬಿರವೆಂಬ ವಾರದ ಕೂಟ. ತಿರುಗಾಟದ ನಾಟಕಗಳಿಗೆ ಅಲ್ಲಿಯೇ ರಂಗಪ್ರವೇಶ. ನಾಡಿನ ನಾನಾ ಭಾಗಗಳಿಂದ ಅಧ್ಯಾಪಕರು, ವಿದ್ಯಾರ್ಥಿಗಳು, ಗೃಹಿಣಿಯರು, ಬ್ಯಾಂಕಿನ ನೌಕರರು ಬಂದು ಸೇರುತ್ತಾರೆ, ಬೆಳಗಿನಿಂದ ಉಪನ್ಯಾಸ, ಸಂವಾದ, ಸಂಜೆ ನಾಟಕ. ಯು.ಆರ್. ಅನಂತಮೂರ್ತಿ, ಕೀರ್ತಿನಾಥ ಕುರ್ತಕೋಟಿ, ಡಿ.ಆರ್. ನಾಗರಾಜ್ ಮೊದಲಾದವರ ಮಾತುಗಳನ್ನು ಇಲ್ಲಿ ಕೇಳಿದವರು ಈಗಲೂ ಆ ಮಾತುಗಳನ್ನೇ ಆಡುತ್ತಾರೆ. ಸಂಜೆಯ ನಾಟಕಕ್ಕೆ ಶಿಬಿರಾರ್ಥಿಗಳಷ್ಟೇ ಅಲ್ಲ, ಸುತ್ತಲ ಹಳ್ಳಿಗಳವರೂ ಬರುತ್ತಾರೆ. ವಿದ್ವಾಂಸನ ಪಕ್ಕದಲ್ಲಿ ಕೊನೆಗಾರ ಕುಳಿತಿರಬಹುದು, ನಗು ಇಬ್ಬರಿಗೂ ಒಂದೇ ಕಡೆ ಬರಬೇಕೆಂಬ ನಿಯಮವೇನೂ ಇಲ್ಲ.

ಮರುದಿನ ಬೆಳಗ್ಗೆ ನಡೆಯುವ ಚರ್ಚೆಯು ಈ ಋತುವಿನ ನಿಜವಾದ ಪರೀಕ್ಷೆ. ಹಿಂದಿನ ರಾತ್ರಿ ನೋಡಿದ ನಾಟಕವನ್ನು ಕುರಿತು ಪ್ರೇಕ್ಷಕರು ಪ್ರಶ್ನಿಸುತ್ತಾರೆ, ನಿರ್ದೇಶಕರು ಉತ್ತರಿಸುತ್ತಾರೆ, ಕೆಲವೊಮ್ಮೆ ಉತ್ತರಿಸಲಾರದೆ ಸುಮ್ಮನಾಗುತ್ತಾರೆ. ರಾಣಿಯ ಪಾತ್ರ ಅಲ್ಲಿ ಮೌನವಾಗಿದ್ದುದೇಕೆ, ಎರಡನೆಯ ಅಂಕದಲ್ಲಿ ಬೆಳಕು ಅಷ್ಟು ಮಂದವಾದುದೇಕೆ, ಮೂಲದಲ್ಲಿಲ್ಲದ ಹಾಡನ್ನು ಸೇರಿಸಿದ್ದು ಯಾವ ನ್ಯಾಯ ಎಂಬಂಥ ಪ್ರಶ್ನೆಗಳು. ರಾಜಧಾನಿಯಲ್ಲಿ ಪ್ರದರ್ಶನ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೈಕುಲುಕಿ ಬಹಳ ಚೆನ್ನಾಗಿತ್ತೆಂದು ಹೇಳಿ ಹೋಗುವ ಸೌಜನ್ಯ ಇಲ್ಲಿ ನಡೆಯದು. ರಾತ್ರಿ ಮಲಗಿ ಎದ್ದ ಮೇಲಿನ ಅಭಿಪ್ರಾಯಕ್ಕೆ, ಚಪ್ಪಾಳೆಯ ಬಿಸಿಯಲ್ಲಿ ಹುಟ್ಟಿದ ಅಭಿಪ್ರಾಯಕ್ಕಿಲ್ಲದ ಸ್ಥಿರತೆಯಿರುತ್ತದೆ. ಜಗಲಿಯ ತಾಳಮದ್ದಳೆಯ ವಾದಪ್ರಿಯತೆಯೇ ಇಲ್ಲಿ ಮೇಜು ಕುರ್ಚಿಗಳ ಮರ್ಯಾದೆಯನ್ನು ತಾಳಿ ಕುಳಿತಿದೆಯೆಂದು ನನಗೆ ತೋರುತ್ತದೆ. ಶಿಬಿರವನ್ನು ಪಾಶ್ಚಾತ್ಯ ವಿಚಾರಸಂಕಿರಣದ ಹಳ್ಳಿಯ ಆವೃತ್ತಿಯೆಂದು ಭಾವಿಸುವವರು ಒಮ್ಮೆ ಮಳೆಗಾಲದ ಕೂಟವೊಂದಕ್ಕೆ ಹೋಗಿ ಬರುವುದು ಒಳ್ಳೆಯದು.

ಅನಂತರ ಪ್ರಯಾಣ. ಊರಿನಲ್ಲಿ ಕೊನೆಕೊಯ್ಲು ಮೊದಲಾಗಿ, ಮನೆಮನೆಯ ಅಂಗಳದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯುತ್ತ, ಬೇಯಿಸಿದ ಅಡಿಕೆಯನ್ನು ಅಟ್ಟದ ಮೇಲೆ ಹರವುತ್ತ ಹೆಗ್ಗೋಡಿನವರು ನಾಟಕವನ್ನು ಮರೆತಿರುವ ತಿಂಗಳುಗಳಲ್ಲಿ, ಅವರ ನಾಟಕಗಳು ಬೀದರಿನ ಕಡೆಗೋ ಚಾಮರಾಜನಗರದ ಕಡೆಗೋ ಹೋಗಿರುತ್ತವೆ. ಹಳೆಯ ಕಂಪನಿಗಳು ಒಂದೂರಿನಲ್ಲಿ ಡೇರೆ ಹಾಕಿದರೆ ತಿಂಗಳುಗಟ್ಟಲೆ ಮೊಕ್ಕಾಂ. ಜನ ಬರುವುದು ನಿಂತ ಮೇಲೆ ಮುಂದಿನ ಊರು. ತಿರುಗಾಟದ ತಂಡಕ್ಕೆ ಒಂದೂರಿನಲ್ಲಿ ಒಂದು ರಾತ್ರಿ, ಎರಡು ರಾತ್ರಿ. ಆದಕಾರಣ ರಂಗಸಜ್ಜಿಕೆಯೆಲ್ಲ ಬಿಚ್ಚಿ ಕಟ್ಟುವಂಥದಾಗಿರಬೇಕು. ಅರಮನೆಯನ್ನು ಮಡಿಸಿ ಪೆಟ್ಟಿಗೆಗೆ ತುಂಬಲು ಬರಬೇಕು. ದೀಪಗಳು ಊರಿನ ವಿದ್ಯುತ್ತಿನ ಚಾಪಲ್ಯವನ್ನು ತಾಳಿಕೊಳ್ಳಬೇಕು. ಇಂದು ತಾಲೂಕು ಕೇಂದ್ರದ ರಂಗಮಂದಿರ, ನಾಳೆ ಕಲ್ಯಾಣಮಂಟಪ, ನಾಡಿದ್ದು ಹೈಸ್ಕೂಲಿನ ಮೈದಾನ. ಮಧ್ಯಾಹ್ನ ಬಂದಿಳಿದು ಸಾಮಾನು ಇಳಿಸಿ, ರಂಗ ಕಟ್ಟಿ, ಬಣ್ಣ ಹಚ್ಚಿ, ಆಡಿ, ಬಣ್ಣ ತೆಗೆದು, ರಂಗ ಬಿಚ್ಚಿ, ಸಾಮಾನು ತುಂಬುವುದು ಎಲ್ಲವೂ ಆ ಹದಿನೈದು ಇಪ್ಪತ್ತು ಜನರದೇ ಕೆಲಸ. ರಾತ್ರಿ ರಾಜನಾಗಿದ್ದವನು ಅರ್ಧ ತಾಸಿನೊಳಗೆ ತನ್ನ ಸಿಂಹಾಸನವನ್ನು ತಾನೇ ಹೊತ್ತು ಲಾರಿಗೇರಿಸುತ್ತಾನೆ. ನಟನಾವೃತ್ತಿಯ ವಿಷಯದಲ್ಲಿ ಭ್ರಮೆ ಹುಟ್ಟುವುದಕ್ಕೆ ಈ ವ್ಯವಸ್ಥೆಯಲ್ಲಿ ಎಡೆ ಕಡಿಮೆ. ಹೀಗೆ ಒಂದು ಋತುವಿನಲ್ಲಿ ನೂರಕ್ಕೂ ಮೀರಿದ ಪ್ರದರ್ಶನಗಳಾಗುತ್ತವೆ. ಎರಡು ಮೂರು ಪ್ರಯೋಗಗಳಿಗೆ ನಾಟಕ ಮುಗಿದುಹೋಗುವ ಹವ್ಯಾಸಿ ರಂಗದಲ್ಲಿ ನಟನಿಗೆ ಎಂದೂ ದೊರೆಯದ ಪಕ್ವತೆ, ಐವತ್ತನೆಯ ಸಲ ಅದೇ ಮಾತನ್ನು ಹೊಸ ಮುಖಗಳೆದುರು ಆಡುವಾಗ ದೊರೆಯುತ್ತದೆ.

ಖರ್ಚಿನ ಬಾಬತ್ತು ಸರಳವಾದುದು. ಆಯಾ ಊರಿನ ಸಂಘಟಕರು ಪ್ರದರ್ಶನಕ್ಕೆಂದು ಗೊತ್ತಾದ ಮೊತ್ತವನ್ನು ಕೊಡುತ್ತಾರೆ, ತಂಡದ ಊಟ ವಸತಿಗಳನ್ನು ನೋಡಿಕೊಳ್ಳುತ್ತಾರೆ. ಟಿಕೆಟ್ ಮಾರುವುದೋ ದಾನಿಗಳನ್ನು ಹಿಡಿಯುವುದೋ ಅವರ ಪಾಲಿನ ಚಿಂತೆ. ಮ್ಯಾನೇಜರನೂ ಮಾಲೀಕನೂ ಗಲ್ಲಾಪೆಟ್ಟಿಗೆಯೂ ಇದ್ದ ಕಂಪನಿಗೆ ಊರಿನಲ್ಲಿ ಗಿರಾಕಿಗಳಿದ್ದರೆ ಸಾಕಾಗಿತ್ತು. ತಿರುಗಾಟಕ್ಕೆ ಆತಿಥೇಯರು ಬೇಕು. ಊರಿಗೆ ನಾಟಕ ಬರಬೇಕಾದರೆ ಊರಿನಲ್ಲಿ ನಾಲ್ಕು ಜನ ಒಂದು ತಿಂಗಳು ಓಡಾಡಿರಬೇಕು. ವರ್ಷಕ್ಕೊಮ್ಮೆಯಾದರೂ ಹೀಗೆ ಓಡಾಡಿದ ಕಾರಣದಿಂದಲೇ ಎಷ್ಟೋ ಸಣ್ಣ ಊರುಗಳ ಸಾಹಿತ್ಯ ಸಂಘ, ಯುವಕ ಮಂಡಳಿಗಳು ಜೀವ ಹಿಡಿದುಕೊಂಡಿವೆ. ಪ್ರದರ್ಶನಕ್ಕಿಂತ ಈ ಓಡಾಟವೇ ತಿರುಗಾಟದ ದೊಡ್ಡ ಕೊಡುಗೆಯೆಂದು ವಾದಿಸುವುದಕ್ಕೂ ಅವಕಾಶವಿದೆ. ಮೈಸೂರಿನಲ್ಲಿ ಸರಕಾರದ ರಂಗಾಯಣ 1989ರಲ್ಲಿ ಆರಂಭವಾದಾಗ ತಿರುಗಾಟಕ್ಕೆ ನಾಲ್ಕು ವರ್ಷದ ಅನುಭವ ಸಂದಿತ್ತು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಮಠದಿಂದ 1997ರಲ್ಲಿ ಶಿವಸಂಚಾರವು ಹೊರಟಾಗ ವರ್ಷಕ್ಕೊಂದು ತಂಡ, ಊರೂರು ಸಂಚಾರ ಎಂಬ ಕ್ರಮ ನಾಡಿಗೆ ಪರಿಚಿತವಾಗಿತ್ತು.

ಸ್ಮರಣ ಸಂಚಿಕೆಯಲ್ಲಿ ಬರೆಯುವವನು ಪ್ರಶಂಸೆಯಲ್ಲಿಯೇ ನಿಲ್ಲಬೇಕೆಂಬ ಕಟ್ಟಳೆಯಿಲ್ಲವಾದುದರಿಂದ ಎರಡು ಆಕ್ಷೇಪಗಳನ್ನು ಇಲ್ಲಿಯೇ ಎತ್ತಬಹುದು. ತಿರುಗಾಟದ ನಾಟಕಗಳಲ್ಲಿ ಒಂದು ಬಗೆಯ ಏಕರೂಪತೆ ಬಂದಿದೆ, ಪರದೆ ಸರಿದ ಐದು ನಿಮಿಷದೊಳಗೆ ಇದು ಹೆಗ್ಗೋಡಿನದೆಂದು ಹೇಳಿಬಿಡಬಹುದು ಎಂಬ ಮಾತನ್ನು ರಂಗಾಸಕ್ತರಿಂದ ಕೇಳುತ್ತೇವೆ. ಮೇಳದ ಹಾಡು, ಅಚ್ಚುಕಟ್ಟಾದ ಚಲನೆ, ತೂಗಿ ಆಡುವ ಮಾತು ಇವು ಶೈಲಿಯಾಗಿ ಗಟ್ಟಿಗೊಂಡಿರುವುದು ನಿಜ. ಶೈಲಿಯಿಲ್ಲದ ಶಾಲೆ ಯಾವುದೂ ಇಲ್ಲವೆಂಬುದು ಸಮಾಧಾನವೇ ಹೊರತು ಉತ್ತರವಲ್ಲ. ಹೊರಗಿನ ನಿರ್ದೇಶಕರನ್ನು ಕರೆಸುವುದೇ ಅದಕ್ಕೆ ಸಂಸ್ಥೆ ಕಂಡುಕೊಂಡ ಮದ್ದು. ಕೆಲವು ವರ್ಷ ಅದು ನಾಟುತ್ತದೆ, ಕೆಲವು ವರ್ಷ ಶಾಲೆಯೇ ನಿರ್ದೇಶಕನನ್ನು ತನ್ನಂತೆ ಮಾಡಿಕೊಳ್ಳುತ್ತದೆ. ಎರಡನೆಯದು, ಇಲ್ಲಿ ಕಲಿತ ಪ್ರತಿಭಾವಂತರು ಧಾರಾವಾಹಿಗಳಿಗೂ ಚಲಚ್ಚಿತ್ರಕ್ಕೂ ಹೊರಟುಹೋಗುತ್ತಾರೆಂಬ ಕೊರಗು. ಇದರಲ್ಲಿ ನನಗೆ ಹೆಚ್ಚಿನ ಸಹಾನುಭೂತಿಯಿಲ್ಲ. ತಿಂಗಳಿಗೆ ಅಲ್ಪ ಸಂಬಳದಲ್ಲಿ ವರ್ಷವೊಂದರ ಐದಾರು ತಿಂಗಳು ಲಾರಿಯ ಬೆನ್ನುಹಿಡಿದು ತಿರುಗಿದ ತರುಣನು ಸಂಸಾರ ಹೂಡುವ ಹೊತ್ತಿಗೆ ಬೆಂಗಳೂರಿನ ಬಸ್ಸು ಹತ್ತಿದರೆ ಅದನ್ನು ದ್ರೋಹವೆಂದು ಕರೆಯುವವರು, ಅವನ ಮನೆಯ ಅಕ್ಕಿಯ ಲೆಕ್ಕವನ್ನೂ ಹೊತ್ತುಕೊಳ್ಳಬೇಕಾಗುತ್ತದೆ.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದುದರಿಂದ ಹೆಗ್ಗೋಡಿನ ಹೆಸರು ದೇಶಾಂತರಗಳಿಗೂ ಹರಡಿತು. ಬಸ್ ನಿಲ್ದಾಣದಲ್ಲಿ ಇಳಿದು ದಾರಿ ಕೇಳುವವರ ಸಂಖ್ಯೆ ಹೆಚ್ಚಿತು. 2005ರ ಜುಲೈ 16ರಂದು, ತಾಲೀಮಿನ ದಿನಗಳಲ್ಲಿಯೇ, ಅವರು ತೀರಿಕೊಂಡರು. ವ್ಯಕ್ತಿಯೊಬ್ಬನ ಸುತ್ತ ಕಟ್ಟಿದ ಸಂಸ್ಥೆಗಳು ಆ ವ್ಯಕ್ತಿಯೊಡನೆ ಕುಸಿಯುವುದನ್ನು ನಾವು ಬೇಕಾದಷ್ಟು ಕಂಡಿರುವುದರಿಂದ, ಆಗ ಆತಂಕಪಟ್ಟವರು ಅನೇಕರು. ಅಕ್ಷರ ಅವರ ಮತ್ತು ಸಹೋದ್ಯೋಗಿಗಳ ನೇತೃತ್ವದಲ್ಲಿ ಶಿಬಿರವೂ ತಿರುಗಾಟವೂ ಮುಂದುವರಿದುವು.

ಈಗ ತಂಡವು ಊರುಗಳಿಗೆ ಹೋದಾಗ ಕಾಣುವ ಬದಲಾವಣೆಯೊಂದನ್ನು ಹೇಳಬೇಕು. ಲಾರಿ ಬಂದು ನಿಂತಾಗ ಬೀಗದ ಕೈ ಹಿಡಿದು ಎದುರುಗೊಳ್ಳುವವನು ಹಲವೆಡೆ ಹಿಂದೆ ಇದೇ ಶಿಕ್ಷಣ ಕೇಂದ್ರದಲ್ಲಿ ಓದಿದವನು. ಈಗ ಅವನು ಅಲ್ಲಿಯ ಶಾಲೆಯ ಅಧ್ಯಾಪಕನೋ, ವ್ಯಾಪಾರಿಯೋ, ತೋಟ ಗದ್ದೆ ನೋಡಿಕೊಂಡಿರುವವನೋ ಆಗಿರಬಹುದು. ಊರಿನ ಹುಡುಗರಿಗೆ ವರ್ಷಕ್ಕೊಂದು ನಾಟಕ ಕಲಿಸುತ್ತಾನೆ. ರಂಗ ಎಷ್ಟು ಅಡಿ ಅಗಲ, ವಿದ್ಯುತ್ತಿನ ತಂತಿ ಎಲ್ಲಿಂದ ಎಳೆಯಬೇಕು, ಕಳೆದ ವರ್ಷ ಯಾವ ಸಾಲಿನವರಿಗೆ ಮಾತು ಕೇಳಿಸಲಿಲ್ಲ ಎಂಬುದನ್ನೆಲ್ಲ ಕೇಳುವ ಮೊದಲೇ ಹೇಳುತ್ತಾನೆ. ಊಟವಾದ ಮೇಲೆ ಈ ವರ್ಷದ ನಾಟಕದಲ್ಲಿ ತನಗೆ ಒಪ್ಪಿಗೆಯಾಗದ ಭಾಗವನ್ನು ಎತ್ತಿ, ಹೊಸ ನಟರೊಡನೆ ವಾದಕ್ಕೂ ಕೂಡುತ್ತಾನೆ.